ಬ್ಲೇಡ್ ತುಂಡಾದರೆ ತಪ್ಪು ಯಾರದ್ದು?

ಡ್ರಿಲ್ ಬಿಟ್ ಬಗ್ಗೆ ಬರೆದ ಮೇಲೆ ಬಂದ ಮೆಸೇಜ್‌ಗಳಲ್ಲಿ ಒಂದು ತಲೆಯಲ್ಲೇ ಕೂತುಬಿಟ್ಟಿದೆ. ಕಳಿಸಿದವರು ಪೀಣ್ಯದ ಸಣ್ಣ ಫ್ಯಾಬ್ರಿಕೇಶನ್ ಶಾಪ್ ಒಂದರಲ್ಲಿ ಪ್ರೊಡಕ್ಷನ್ ನೋಡಿಕೊಳ್ಳೋ ಯುವ ಇಂಜಿನಿಯರ್. ಅಲ್ಲಿ ಲೋಹ ಕತ್ತರಿಸೋ ಬ್ಯಾಂಡ್‌ಸಾ ಒಂದಿದೆ. ಒಂದೇ ತಿಂಗಳಲ್ಲಿ ನಾಲ್ಕು ಬ್ಲೇಡ್ ಹೋಗಿವೆ. ಐದನೇದು ಹೋದರೆ ಆಪರೇಟರ್ ಸಂಬಳದಲ್ಲೇ ಹಿಡೀತೀನಿ ಅಂತ ಓನರ್ ಹೇಳಿಯಾಗಿದೆ. ಇವರ ಪ್ರಶ್ನೆ ಇಷ್ಟೇ: ತಪ್ಪು ಹುಡುಗನದ್ದಾ, ಮೆಷಿನ್‌ದಾ, ಬ್ಲೇಡ್‌ದಾ ಅಂತ ಹೇಗೆ ಗೊತ್ತು ಮಾಡೋದು?

ಒಳ್ಳೆ ಪ್ರಶ್ನೆ. ಯಾಕಂದ್ರೆ ಬ್ಯಾಂಡ್‌ಸಾ ವಿಷಯದಲ್ಲಿ ಉತ್ತರ ಊಹೆ ಮಾಡಬೇಕಾಗಿಲ್ಲ. ಮುರಿದ ಬ್ಲೇಡ್ ಮತ್ತು ಕೆಳಗೆ ಬಿದ್ದ ಚೂರು, ಇವೆರಡೇ ಸಾಕ್ಷಿ ಹೇಳುತ್ತವೆ. ನಾವು ಮಾಡೋದೇನು? ಎರಡನ್ನೂ ಗುಡಿಸಿ ಸ್ಕ್ರ್ಯಾಪ್ ಡಬ್ಬಿಗೆ ಹಾಕಿ, ಹೊಸ ಬ್ಲೇಡಿಗೆ ಫೋನ್ ಮಾಡ್ತೀವಿ.

ಈ ಯಂತ್ರ ನೋಡದವರಿಗೆ ಎರಡು ಮಾತು. ಎರಡು ಚಕ್ರ, ಅವುಗಳ ಮೇಲೆ ಬೆಲ್ಟ್ ಥರ ಸುತ್ತೋ ಹಲ್ಲಿನ ಉಕ್ಕಿನ ಪಟ್ಟಿ. ಕೆಳಗಡೆ ವೈಸ್‌ನಲ್ಲಿ ರಾಡ್ ಬಿಗಿದರೆ, ಮೇಲಿನ ಚೌಕಟ್ಟು, ಅದನ್ನ ಬೋ ಅಂತಾರೆ, ನಿಧಾನವಾಗಿ ಇಳೀತಾ ಕತ್ತರಿಸುತ್ತೆ. ಹ್ಯಾಕ್ಸಾ ಹಿಡಿದು ಬೆವರು ಸುರಿಸೋ ಕೆಲಸ ಇಲ್ಲಿ ಕೆಲವೇ ನಿಮಿಷ. ಉಪಾಯ ಹೊಸದೇನಲ್ಲ. 19ನೇ ಶತಮಾನದ ಮೊದಲ ದಶಕದಲ್ಲೇ ಬ್ರಿಟನ್‌ನಲ್ಲಿ ವಿಲಿಯಂ ನ್ಯೂಬೆರಿ ಅನ್ನೋವರು ಪೇಟೆಂಟ್ ತಗೊಂಡಿದ್ದರು. ಆದರೆ ಮುಂದಿನ ಸುಮಾರು ನಲವತ್ತು ವರ್ಷ ಅದು ಸರಿಯಾಗಿ ಕೆಲಸಕ್ಕೆ ಬರಲಿಲ್ಲ. ಚಕ್ರದ ಮೇಲೆ ಬಾಗಿ ಬಾಗಿ ಪಟ್ಟಿ ಬಿರುಕು ಬಿಡ್ತಿತ್ತು, ಇಲ್ಲ ಬೆಸುಗೆ ಕಿತ್ತುಹೋಗ್ತಿತ್ತು. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪಾಂ ಎಂಬ ಮಹಿಳೆ ಬಾಳಿಕೆ ಬರೋ ಬೆಸುಗೆ ವಿಧಾನಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಪ್ಯಾರಿಸ್ಸಿನ ಪೆರಾಂ ಕಂಪನಿ ಆ ಹಕ್ಕನ್ನ ಕೊಂಡುಕೊಂಡ ಮೇಲೇ ಇವತ್ತಿನ ಥರದ ಬ್ಲೇಡ್ ಬಂದಿದ್ದು.

ಬಾಗೋದು ಅಂದ್ರೆ ಎಷ್ಟು ಅಂತ ಒಂದು ಲೆಕ್ಕ ಹಾಕಿ. ಸಣ್ಣ ಶಾಪ್‌ಗಳಲ್ಲಿ ಕಾಣೋ ಪುಟ್ಟ ಮೆಷಿನ್ನಿನ ಬ್ಲೇಡ್ ಉದ್ದ 1638 ಮಿ.ಮೀ. ನಿಮಿಷಕ್ಕೆ 60 ಮೀಟರ್ ವೇಗದಲ್ಲಿ ಓಡಿದರೆ ನಿಮಿಷಕ್ಕೆ 36 ಸುತ್ತು. ಪ್ರತಿ ಸುತ್ತಲ್ಲೂ ಎರಡು ಚಕ್ರದ ಮೇಲೆ ಎರಡು ಸಲ ಬಾಗಿ ನೇರ ಆಗಬೇಕು. ಗಂಟೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಸಲ! ಪೇಪರ್ ಕ್ಲಿಪ್ಪನ್ನ ಹತ್ತು ಸಲ ಹಿಂದೆ ಮುಂದೆ ಬಾಗಿಸಿದ್ರೆ ಏನಾಗುತ್ತೆ ಗೊತ್ತಲ್ಲ. ಹಾಗಾಗಿ ಬ್ಲೇಡ್ ಒಂದಲ್ಲ ಒಂದು ದಿನ ತುಂಡಾಗೋದು ಸಹಜ. ಬೇಗ ತುಂಡಾಗೋದು ಮಾತ್ರ ಸಹಜ ಅಲ್ಲ.

ಈಗ ಆ ಮುರಿದ ಬ್ಲೇಡ್ ಕೈಗೆ ತಗೊಳ್ಳಿ. ದಪ್ಪ ಕೈಗವಸು ಹಾಕಿಕೊಂಡು, ಬೆಳಕಿಗೆ ಹಿಡಿದು ನೋಡಿ. ಮುರಿದದ್ದು ಬೆಸುಗೆ ಇದ್ದ ಜಾಗದಲ್ಲೇ, ಅದೂ ಹೊಸದರಲ್ಲೇ ಆದ್ರೆ, ವೆಲ್ಡ್ ಮಾಡಿಕೊಟ್ಟವರನ್ನ ಕೇಳಬೇಕು. ಬೆಸೆದ ಮೇಲೆ ಆ ಜಾಗವನ್ನ ಹದವಾಗಿ ಕಾಯಿಸಿ ಗಡಸುತನ ಇಳಿಸಬೇಕು. ಅದು ಸರಿಯಾಗದಿದ್ದರೆ ಗಾಜಿನ ಥರ ಪಟ್ ಅನ್ನುತ್ತೆ. ಇದರಲ್ಲಿ ಆಪರೇಟರ್ ಪಾತ್ರ ಸೊನ್ನೆ.

ಬಿರುಕು ಹಲ್ಲಿನ ಕಡೆಯಿಂದಲ್ಲ, ಹಿಂಬದಿಯ ಅಂಚಿನಿಂದ ಶುರುವಾಗಿದ್ಯಾ? ಆ ಅಂಚು ಸುತ್ತಿಗೆ ಬಡಿದ ಹಾಗೆ ಅಗಲವಾಗಿ, ಹೊಳೀತಾ ಇದ್ಯಾ? ಹಾಗಿದ್ರೆ ಬ್ಲೇಡಿನ ಬೆನ್ನಿಗೆ ಕೂರೋ ಬೇರಿಂಗ್ ಹಿಡ್ಕೊಂಡಿದೆ, ಇಲ್ಲವೇ ಬ್ಲೇಡ್ ಚಕ್ರದ ಅಂಚಿಗೆ ಉಜ್ತಾ ಇದೆ. ಮೇನ್ ಸ್ವಿಚ್ ಆಫ್ ಮಾಡಿ ಆ ಬೇರಿಂಗನ್ನ ಬೆರಳಲ್ಲಿ ತಿರುಗಿಸಿ. ಗರಗರ ಅಂದ್ರೆ ಅಥವಾ ತಿರುಗದಿದ್ರೆ ಬದಲಾಯಿಸಿ. ಬೇರಿಂಗಿನ ಬೆಲೆ ಬ್ಲೇಡಿಗಿಂತ ಎಷ್ಟೋ ಕಮ್ಮಿ. ಇದು ಮೆಂಟೆನೆನ್ಸ್ ಖಾತೆ.

ಎರಡು ಹಲ್ಲಿನ ನಡುವಿನ ಕುಳಿಯಿಂದ ಬಿರುಕು ಬಿಟ್ಟಿದ್ರೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕು. ಫೀಡ್ ಜಾಸ್ತಿ ಆಗಿರಬಹುದು, ಟೆನ್ಷನ್ ಜಾಸ್ತಿ ಆಗಿರಬಹುದು. ಮೂರನೇದೊಂದಿದೆ, ಯಾರೂ ನೋಡಲ್ಲ: ಬ್ಲೇಡಿನ ದಪ್ಪ. ನಾನು ಹೇಳಿದ ಪುಟ್ಟ ಮೆಷಿನ್ನಿಗೆ 13 ಮಿ.ಮೀ. ಅಗಲ, 0.65 ಮಿ.ಮೀ. ದಪ್ಪದ ಬ್ಲೇಡ್ ಬರುತ್ತೆ. "ಗಟ್ಟಿ ಇರ್ಲಿ" ಅಂತ ಯಾರೋ 0.9 ತಂದು ಹಾಕಿದ್ರೆ, ಅಷ್ಟು ಚಿಕ್ಕ ಚಕ್ರದ ಮೇಲೆ ದಪ್ಪ ಪಟ್ಟಿ ಬಾಗೋಕೆ ಒದ್ದಾಡಿ ಬೇಗ ಬಿರುಕು ಬಿಡುತ್ತೆ. ಇಲ್ಲಿ ಗಟ್ಟಿ ತಂದಷ್ಟೂ ಆಯಸ್ಸು ಕಮ್ಮಿ.

ಇನ್ನು ನಾಲ್ಕನೇ ಥರ. ಪಟ್ಟಿ ಅಖಂಡವಾಗಿದೆ, ಹಲ್ಲುಗಳೇ ಇಲ್ಲ. ಮುದುಕರ ವಸಡಿನ ಥರ ಬೋಳು. ಪೀಣ್ಯದ ಆ ಓದುಗರು ಕಳಿಸಿದ ಫೋಟೋದಲ್ಲಿ ನಾಲ್ಕರಲ್ಲಿ ಮೂರು ಬ್ಲೇಡ್ ಹೀಗೇ ಇದ್ವು. ಜೊತೆಗೆ ಅವರು ಒಂದು ಸಾಲು ಬರೆದಿದ್ರು: ಬೆಳಿಗ್ಗೆ 75 ಮಿ.ಮೀ. ರೌಂಡ್ ಬಾರ್ ಕತ್ತರಿಸ್ತಾರೆ, ಮಧ್ಯಾಹ್ನ ಅದೇ ಬ್ಲೇಡಲ್ಲಿ ಗೇಟಿನ ಪೈಪು. ಕಳ್ಳ ಸಿಕ್ಕಿದ್ದು ಅಲ್ಲೇ.

ಬ್ಲೇಡ್ ಮೇಲೆ 4/6, 10/14 ಅಂತ ಬರೆದಿರುತ್ತಲ್ಲ, ಅದು ಟಿಪಿಐ, ಅಂದ್ರೆ ಒಂದು ಇಂಚಿಗೆ ಎಷ್ಟು ಹಲ್ಲು ಅಂತ. ಎರಡು ಸಂಖ್ಯೆ ಯಾಕೆ ಅಂದ್ರೆ ಹಲ್ಲುಗಳ ಅಂತರ ಒಂದೇ ಥರ ಇರಲ್ಲ, ಬೇಕಂತಲೇ ಹೆಚ್ಚು ಕಮ್ಮಿ ಮಾಡಿರ್ತಾರೆ. ಒಂದೇ ಲಯದಲ್ಲಿ ಬಡಿದರೆ ಮೆಷಿನ್ ನಡುಗುತ್ತೆ, ಕಿರುಚುತ್ತೆ. ಲಯ ಮುರಿದರೆ ಸುಮ್ಮನಿರುತ್ತೆ. ನಿಯಮ ಒಂದೇ: ಯಾವ ಕ್ಷಣದಲ್ಲೂ ಲೋಹದ ಒಳಗೆ ಕನಿಷ್ಠ ಮೂರು ಹಲ್ಲು ಇರಬೇಕು, ಆರರಿಂದ ಹನ್ನೆರಡು ಇದ್ದರೆ ಚೆನ್ನ.

4/6 ಬ್ಲೇಡಿನಲ್ಲಿ ಹಲ್ಲಿನಿಂದ ಹಲ್ಲಿಗೆ ಸರಾಸರಿ 5 ಮಿ.ಮೀ. ಅಂತರ. 75 ಮಿ.ಮೀ. ಗಟ್ಟಿ ಬಾರಿನಲ್ಲಿ ಒಂದೇ ಸಲಕ್ಕೆ ಹದಿನೈದು ಹಲ್ಲು ಕೂರುತ್ತೆ, ಪರವಾಗಿಲ್ಲ. ಈಗ 2 ಮಿ.ಮೀ. ಗೋಡೆಯ ಪೈಪು ಇಡಿ. ಬ್ಲೇಡ್ ಪೈಪಿನ ಅರ್ಧಕ್ಕೆ ಇಳಿದಾಗ ಎರಡು ಕಡೆ ಬರೀ 2 ಮಿ.ಮೀ. ಲೋಹ ಇರುತ್ತೆ. ಅಲ್ಲಿ ಒಂದು ಹಲ್ಲೂ ಪೂರ್ತಿ ನಿಲ್ಲಲ್ಲ. ಪೈಪಿನ ಗೋಡೆ ಎರಡು ಹಲ್ಲಿನ ನಡುವಿನ ಕುಳಿಗೆ ಇಳಿದು ಕೂರುತ್ತೆ, ಹಿಂದಿನ ಹಲ್ಲು ಬಂದು ಅದಕ್ಕೆ ಡಿಕ್ಕಿ ಹೊಡೆಯುತ್ತೆ. ಒಂದು ಮುರಿದರೆ ಆ ಚೂರು ಸೀಳಿನಲ್ಲೇ ಸಿಕ್ಕಿಕೊಂಡು ಪಕ್ಕದವನ್ನೂ ಕೀಳುತ್ತೆ. ಐದು ನಿಮಿಷದಲ್ಲಿ ಬೋಳು. ತೆಳು ಪೈಪಿಗೆ 14/18 ಥರದ ಸಣ್ಣ ಹಲ್ಲು ಬೇಕು, ಜೊತೆಗೆ ಫೀಡ್ ಹಗುರ ಇರಬೇಕು. ಹಾಗಂತ ಸಣ್ಣ ಹಲ್ಲನ್ನೇ ಎಲ್ಲಕ್ಕೂ ಇಟ್ಕೊಳ್ಳೋಣ ಅಂದ್ರೆ ಅದೂ ಆಗಲ್ಲ. 75 ಮಿ.ಮೀ. ಗಟ್ಟಿ ಬಾರಿಗೆ ಅದನ್ನ ಹಾಕಿದ್ರೆ ಸಣ್ಣ ಕುಳಿಗಳಲ್ಲಿ ಚೂರು ತುಂಬಿ, ಕತ್ತರಿಸೋ ಬದಲು ಉಜ್ಜೋಕೆ ಶುರುವಾಗುತ್ತೆ. ಬಿಸಿಯಾಗಿ ಒಂದು ಕಡೆಗೆ ಎಳೆಯುತ್ತೆ.

ಅಲ್ಲಿಗೆ ಒಂದೇ ಬ್ಲೇಡಲ್ಲಿ ಎಲ್ಲ ಕತ್ತರಿಸು ಅಂತ ಹೇಳಿದವರು ಯಾರು? ಆಪರೇಟರ್ ಅಲ್ಲ. ನನ್ನ ಅಭಿಪ್ರಾಯದಲ್ಲಿ ಸಣ್ಣ ಶಾಪ್‌ಗಳಲ್ಲಿ ಬ್ಲೇಡ್ ಖರ್ಚಿನ ದೊಡ್ಡ ಪಾಲು ಹುಟ್ಟೋದು ಪರ್ಚೇಸ್ ಟೇಬಲ್ ಮೇಲೇ. ಎರಡು ಥರದ ಬ್ಲೇಡ್ ಇಟ್ಟುಕೊಂಡು, ಪೈಪಿನ ಕೆಲಸ ಎಲ್ಲ ಒಟ್ಟಿಗೆ ಒಂದು ಹೊತ್ತು, ಗಟ್ಟಿ ಬಾರು ಇನ್ನೊಂದು ಹೊತ್ತು ಅಂತ ಮಾಡಿಕೊಂಡ್ರೆ ಸಾಕು. ಬ್ಲೇಡ್ ಬದಲಾಯಿಸೋಕೆ ಹತ್ತು ನಿಮಿಷ ಹೋಗುತ್ತೆ ಅಂತ ಗೊಣಗೋರಿಗೆ ಒಂದು ಬೋಳು ಬ್ಲೇಡ್ ತೋರಿಸಿ. ಇನ್ನು ಸಂಬಳದ ಮಾತು. ನೌಕರನ ನಿರ್ಲಕ್ಷ್ಯದಿಂದಲೇ ನಷ್ಟ ಆಯ್ತು ಅಂತಿದ್ದರೆ ಮಾತ್ರ, ಅದೂ ಅವನಿಗೆ ಕಾರಣ ಹೇಳೋಕೆ ಅವಕಾಶ ಕೊಟ್ಟ ಮೇಲೆ ಮಾತ್ರ ಹಿಡಿಯಬಹುದು ಅನ್ನೋದು 1936ರ ವೇತನ ಪಾವತಿ ಕಾಯ್ದೆಯಲ್ಲೇ ಇದ್ದ ಮಾತು. ಆ ಮೂರು ಬ್ಲೇಡನ್ನ ಸ್ಕ್ರ್ಯಾಪಿಗೆ ಹಾಕಬೇಡಿ, ದಿನಾಂಕ ಬರೆದು ಗೋಡೆಗೆ ನೇತುಹಾಕಿ.

ಹಾಗಾದ್ರೆ ಆಪರೇಟರ್ ಕೈಯಲ್ಲಿ ಏನೂ ಇಲ್ವಾ ಅಂದ್ರೆ, ಇದೆ. ಮೊದಲನೇದು ಹೊಸ ಬ್ಲೇಡಿನ ಮೊದಲ ಕಾಲು ಗಂಟೆ. ಈಗ ತಾನೇ ಚೂಪು ಮಾಡಿದ ಪೆನ್ಸಿಲ್ಲಲ್ಲಿ ಒತ್ತಿ ಬರೆದರೆ ತುದಿ ಮುರಿಯಲ್ವಾ? ಹೊಸ ಹಲ್ಲಿನ ಅಂಚೂ ಹಾಗೇ. ಮೊದಲ ಹತ್ತು ಹದಿನೈದು ನಿಮಿಷ ಫೀಡ್ ಅರ್ಧಕ್ಕೆ ಇಳಿಸಿ, ವೇಗ ಮಾಮೂಲಿ ಇರಲಿ. ಆಮೇಲೆ ಮೆಲ್ಲಗೆ ಏರಿಸಿ. ಇದು ಬೇಸರದ ಕೆಲಸ, ಅದಕ್ಕೇ ಯಾರೂ ಮಾಡಲ್ಲ.

ಎರಡನೇದು, ಹಳೇ ಬ್ಲೇಡ್ ಅರ್ಧ ಕತ್ತರಿಸಿ ಮುರಿದ ಸೀಳಿಗೇ ಹೊಸ ಬ್ಲೇಡ್ ಇಳಿಸೋದು. ಸವೆದ ಬ್ಲೇಡಿನ ಸೀಳು ಕಿರಿದಾಗಿರುತ್ತೆ, ಒಳಗೆ ಮುರಿದ ಹಲ್ಲಿನ ಚೂರುಗಳೂ ಇರಬಹುದು, ಅವು ಬಾರಿಗಿಂತ ಗಡಸು. ಬಾರನ್ನ ತಿರುಗಿಸಿ ಇನ್ನೊಂದು ಕಡೆಯಿಂದ ಹೊಸದಾಗಿ ಶುರು ಮಾಡಿ. ಮೂರನೇದು, ಬ್ಲೇಡ್ ಲೋಹದ ಮೇಲೆ ಕೂತಿರುವಾಗಲೇ ಸ್ವಿಚ್ ಒತ್ತೋದು. ಬೋ ಎತ್ತಿ, ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ಇಳಿಸಬೇಕು.

ಇನ್ನು ಚಿಪ್ಸ್ ಓದೋ ವಿದ್ಯೆ. ತಿನ್ನೋ ಚಿಪ್ಸ್ ಅಲ್ಲ, ಕೆಳಗೆ ಬೀಳೋ ಲೋಹದ ಚೂರು. ಮೈಲ್ಡ್ ಸ್ಟೀಲ್ ಕತ್ತರಿಸುವಾಗ ಅವು ಬೆಳ್ಳಗೆ, ಸಡಿಲವಾಗಿ ಸುರುಳಿ ಸುತ್ತಿದ್ರೆ ಎಲ್ಲ ಸರಿ ಇದೆ ಅಂತ. ನುಣ್ಣಗೆ ಪುಡಿ ಬೀಳ್ತಿದ್ರೆ ಹಲ್ಲು ಕಚ್ಚುತ್ತಿಲ್ಲ, ಬರೀ ಉಜ್ತಿದೆ. ಫೀಡ್ ಸ್ವಲ್ಪ ಹೆಚ್ಚಿಸಿ, ಇಲ್ಲ ವೇಗ ಇಳಿಸಿ. ದಪ್ಪಗೆ, ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ರೆ ಸುಡ್ತಿದೆ ಅಂತ ಅರ್ಥ. ಫೀಡ್ ಇಳಿಸಿ, ವೇಗನೂ ನೋಡಿ. ಈ ಒಂದು ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಬೀಡು ಕಬ್ಬಿಣ ಮಾತ್ರ ಹೇಗಿದ್ರೂ ಪುಡಿಯೇ ಬೀಳೋದು, ಅದಕ್ಕೆ ಈ ಮಾತು ಅನ್ವಯಿಸಲ್ಲ.

ಸ್ಟೇನ್‌ಲೆಸ್ ಸ್ಟೀಲ್ ಮೆಟ್ಟಿಲು ರೇಲಿಂಗ್ ಮಾಡೋರು ಇಲ್ಲಿ ಸ್ವಲ್ಪ ನಿಲ್ಲಿ. ಬೈಮೆಟಲ್ ಬ್ಲೇಡ್, ಅಂದ್ರೆ ಸ್ಪ್ರಿಂಗ್ ಸ್ಟೀಲ್ ಪಟ್ಟಿಗೆ ಹೈಸ್ಪೀಡ್ ಸ್ಟೀಲ್ ಅಂಚು ಬೆಸೆದಿರೋದು, ಮೈಲ್ಡ್ ಸ್ಟೀಲಿಗೆ ನಿಮಿಷಕ್ಕೆ 60ರಿಂದ 90 ಮೀಟರ್ ಓಡಬಹುದು. 304 ಗ್ರೇಡ್ ಸ್ಟೇನ್‌ಲೆಸ್‌ಗೆ ಅದು ಹೆಚ್ಚಾಯ್ತು, 25ರಿಂದ 40 ಸಾಕು. ಪುಟ್ಟ ಮೆಷಿನ್ನಿನಲ್ಲಿ ಬೆಲ್ಟನ್ನ ಕೆಳಗಿನ ಪುಲ್ಲಿಗೆ ಹಾಕಬೇಕು ಅಷ್ಟೇ, ಆದರೆ ಬೆಲ್ಟ್ ಮುಟ್ಟೋಕೆ ಎಲ್ಲರಿಗೂ ಸೋಮಾರಿತನ. ಸ್ಟೇನ್‌ಲೆಸ್ ಸ್ವಭಾವ ಏನಂದ್ರೆ, ಉಜ್ಜಿದಷ್ಟೂ ಅದರ ಮೇಲ್ಮೈ ಗಟ್ಟಿಯಾಗ್ತಾ ಹೋಗುತ್ತೆ. "ಕಷ್ಟ ಆಗ್ತಿದೆ" ಅಂತ ಫೀಡ್ ಪೂರ್ತಿ ಇಳಿಸಿದ್ರೆ ಅಲ್ಲೇ ಸಿಕ್ಕಿಕೊಂಡ್ರಿ. ವೇಗ ಕಮ್ಮಿ, ಆದರೆ ಫೀಡ್ ನಿಲ್ಲದ ಹಾಗೆ ಒಂದೇ ಸಮ ಇರಬೇಕು.

ಅತಿ ಹೆಚ್ಚು ಬರೋ ಇನ್ನೊಂದು ದೂರು: ಕಟ್ ಸೊಟ್ಟ ಬರುತ್ತೆ. ಇದಕ್ಕೊಂದು ಚಂದದ ಪರೀಕ್ಷೆ ಇದೆ. 50 ಮಿ.ಮೀ. ರೌಂಡ್ ಬಾರಿನ ತುದಿ ಒಮ್ಮೆ ಕತ್ತರಿಸಿ. ಬಾರಿನ ನೆತ್ತಿಗೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಈಗ ಆ ಗೆರೆ ಕೆಳಗೆ ಬರೋ ಹಾಗೆ ಬಾರನ್ನ ಅರ್ಧ ಸುತ್ತು ತಿರುಗಿಸಿ ಬಿಗಿದು, 10 ಮಿ.ಮೀ. ಬಿಲ್ಲೆ ತೆಗೆಯಿರಿ. ತಿರುಗಿಸದೇ ತೆಗೆದರೆ ಎರಡೂ ಮುಖ ಒಂದೇ ಕಡೆ ವಾಲಿ, ವರ್ನಿಯರ್‌ನಲ್ಲಿ ದಪ್ಪ ಎಲ್ಲ ಕಡೆ ಒಂದೇ ಬರುತ್ತೆ. ಸೊಟ್ಟ ಇದ್ದದ್ದು ಗೊತ್ತೇ ಆಗಲ್ಲ. ತಿರುಗಿಸಿ ತೆಗೆದರೆ ತಪ್ಪು ದುಪ್ಪಟ್ಟಾಗಿ ಕಾಣುತ್ತೆ. ಮೇಲಿಗೂ ಕೆಳಗಿಗೂ 0.6 ಮಿ.ಮೀ. ವ್ಯತ್ಯಾಸ ಬಂದರೆ ನಿಜವಾದ ತಪ್ಪು 0.3.

ವ್ಯತ್ಯಾಸ ಬಿಲ್ಲೆಯ ಎಡ ಬಲದಲ್ಲಿ ಬಂದರೆ ವೈಸ್ ದವಡೆ ಬ್ಲೇಡಿಗೆ ಲಂಬವಾಗಿಲ್ಲ. ಎರಡು ಬೋಲ್ಟ್ ಸಡಿಲಿಸಿ ಸರಿಮಾಡೋ ಕೆಲಸ. ಮೇಲೆ ಕೆಳಗೆ ಬಂದರೆ ತೊಂದರೆ ಬ್ಲೇಡ್ ಕಡೆ. ಮೆಷಿನ್ ಆಫ್ ಮಾಡಿ, ಟ್ರೈ ಸ್ಕ್ವೇರನ್ನ ಮೇಜಿನ ಮೇಲೆ ನಿಲ್ಲಿಸಿ ಬ್ಲೇಡಿಗೆ ತಾಗಿಸಿ ನೋಡಿ. ಹಲ್ಲುಗಳು ಅಕ್ಕಪಕ್ಕ ವಾಲಿರುತ್ತವೆ, ಹಾಗಾಗಿ ಹಲ್ಲಿಗೆ ತಾಗಿಸಬೇಡಿ, ಹಿಂದಿನ ನಯವಾದ ಭಾಗಕ್ಕೆ ತಾಗಿಸಿ. ವಾಲಿದ್ರೆ ಗೈಡ್ ಬೇರಿಂಗ್ ಸರಿ ಮಾಡಬೇಕು. ನೇರವಾಗಿದ್ದೂ ಕಟ್ ಸೊಟ್ಟ ಬರ್ತಿದ್ರೆ ಬ್ಲೇಡ್ ಕತ್ತರಿಸುವಾಗ ಬಾಗ್ತಿದೆ. ಟೆನ್ಷನ್ ಕಮ್ಮಿ, ಹಲ್ಲು ಮೊಂಡು, ಫೀಡ್ ಜಾಸ್ತಿ, ಈ ಮೂರರಲ್ಲಿ ಒಂದು. ಅದಕ್ಕೂ ಮೊದಲು ಗೈಡ್ ತೋಳು ಎಲ್ಲಿದೆ ನೋಡಿ. 25 ಮಿ.ಮೀ. ಬಾರ್ ಕತ್ತರಿಸುವಾಗಲೂ ಗೈಡು 150 ಮಿ.ಮೀ. ದೂರದಲ್ಲೇ ಬಿಟ್ಟಿರ್ತಾರೆ. ಎರಡು ಕಂಬದ ನಡುವಿನ ಬಟ್ಟೆ ಹಗ್ಗದ ಥರ, ದೂರ ಹೆಚ್ಚಿದಷ್ಟೂ ಜೋಲು. ಕೆಲಸದ ಹತ್ತಿರಕ್ಕೆ ಸರಿಸಿ ಬಿಗಿದರೆ ಎಷ್ಟೋ ಸಲ ಕಾಯಿಲೆ ಅಲ್ಲೇ ವಾಸಿ.

ಇಡೋ ರೀತಿಯೂ ಮುಖ್ಯ. ಆಂಗಲ್ ಕಬ್ಬಿಣವನ್ನ ಒಂದು ಕಾಲು ನೆಟ್ಟಗೆ ನಿಲ್ಲಿಸಿ ಕತ್ತರಿಸಿದ್ರೆ ಬ್ಲೇಡಿಗೆ ಮೊದಲು 6 ಮಿ.ಮೀ. ಸಿಗುತ್ತೆ, ಕೆಳಗೆ ಬಂದ ತಕ್ಷಣ ಒಂದೇ ಏಟಿಗೆ 50. ಹೆಂಚಿನ ಮನೆಯ ಮಾಡಿನ ಥರ ಕವುಚಿ ಇಡಿ, ಮೇಲಿಂದ ಕೆಳಗಿನ ತನಕ ಹೆಚ್ಚೂ ಕಮ್ಮಿ ಒಂದೇ ಅಳತೆ. ಚಿಕ್ಕ ತುಂಡು ಹಿಡಿಯುವಾಗ ದವಡೆಯ ಇನ್ನೊಂದು ತುದಿಗೆ ಅಷ್ಟೇ ದಪ್ಪದ ತುಂಡು ಕೊಡಿ, ಇಲ್ಲಾಂದ್ರೆ ದವಡೆ ಓರೆಯಾಗಿ ಕೆಲಸ ಜಾರುತ್ತೆ.

ಬ್ಲೇಡ್ ಚಕ್ರದಿಂದ ಜಾರಿ ಬರ್ತಿದ್ರೆ ಮೊದಲು ಚಕ್ರದ ಮೇಲೆ ಅಂಟಿದ ಚೂರು ಬ್ರಷ್‌ನಲ್ಲಿ ತೆಗೀರಿ, ಆಮೇಲೆ ಟೆನ್ಷನ್, ಆಮೇಲೆ ಚಕ್ರದ ಓರೆ ಸರಿಮಾಡೋ ಸ್ಕ್ರೂ. ಇದೇ ಕ್ರಮ, ಯಾಕಂದ್ರೆ ಸ್ಕ್ರೂ ಮೊದಲು ಮುಟ್ಟಿದವರು ಸಂಜೆ ತನಕ ಅದರ ಜೊತೆಗೇ ಇರ್ತಾರೆ. ಕೂಲೆಂಟ್ ಬಗ್ಗೆ ಇಷ್ಟೇ: ಹತ್ತು ಪಾಲು ನೀರಿಗೆ ಒಂದು ಪಾಲು ಕಟಿಂಗ್ ಆಯಿಲ್. ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರಲ್ಲ. ಭಾನುವಾರ ರಜ ಮುಗಿಸಿ ಬಂದಾಗ ಶೆಡ್ಡೆಲ್ಲ ಕೊಳೆತ ಮೊಟ್ಟೆ ವಾಸನೆ ಇದ್ರೆ ಟ್ಯಾಂಕಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ. ಮೇಲಿಂದ ಹೊಸದು ಸುರಿಯೋದಲ್ಲ, ಖಾಲಿ ಮಾಡಿ ತೊಳೀಬೇಕು.

ಕರೆಂಟ್ ವಿಷಯ ಕೊನೆಗೆ ಇಟ್ಟಿದ್ದೀನಿ, ಎಲ್ಲಕ್ಕಿಂತ ಗಂಭೀರ ಅದೇ. ಮೆಷಿನ್ ಜಾಗ ಬದಲಾಯಿಸಿದ ಮೇಲೆ ಅಥವಾ ವೈರಿಂಗ್ ಮುಟ್ಟಿದ ಮೇಲೆ ಹೊಸ ಬ್ಲೇಡೂ ಕತ್ತರಿಸ್ತಿಲ್ಲ ಅಂದ್ರೆ, ಬ್ಲೇಡ್ ಯಾವ ಕಡೆ ಓಡ್ತಿದೆ ನೋಡಿ. ತ್ರೀ ಫೇಸ್ ಮೋಟಾರಿಗೆ ಯಾವುದೇ ಎರಡು ಫೇಸ್ ಅದಲು ಬದಲಾದ್ರೆ ಅದು ಉಲ್ಟಾ ತಿರುಗುತ್ತೆ. ಹಲ್ಲಿನ ಚೂಪು ತುದಿ ಓಡೋ ದಿಕ್ಕಿಗೇ ಮುಖ ಮಾಡಿರಬೇಕು. ಮೋಟಾರ್ ಸರಿ ಇದ್ದೂ ಹಲ್ಲು ಉಲ್ಟಾ ಇದ್ರೆ, ಬ್ಲೇಡನ್ನ ಬನಿಯನ್ ಮಗುಚಿದ ಹಾಗೆ ಒಳಗಿಂದ ಹೊರಗೆ ಮಗುಚಿ ಹಾಕಿರ್ತಾರೆ, ಮತ್ತೆ ಮಗುಚಬೇಕು. ಸುರುಳಿ ಬಿಚ್ಚುವಾಗ ಅದು ಸ್ಪ್ರಿಂಗಿನಂತೆ ಚಿಮ್ಮುತ್ತೆ, ಕನ್ನಡಕ ಇರಲಿ. ಬ್ಲೇಡ್ ಓಡ್ತಿರುವಾಗ ಮಾತ್ರ ಕೈಗವಸು ಬೇಡವೇ ಬೇಡ. ಹಲ್ಲಿಗೆ ಬಟ್ಟೆ ಸಿಕ್ಕರೆ ಬೆರಳನ್ನೂ ಎಳ್ಕೊಂಡು ಹೋಗುತ್ತೆ.

ಕಟ್ ಮಧ್ಯದಲ್ಲಿ ಪವರ್ ಹೋಗೋದು ನಮ್ಮಲ್ಲಿ ಹೊಸದೇನಲ್ಲ. ಆಪರೇಟರ್ ಏನ್ ಮಾಡ್ತಾನೆ? ಬಗ್ಗಿ ಸೀಳಿನ ಚೂರು ತೆಗೀತಾನೆ, ಬ್ಲೇಡ್ ಸಿಕ್ಕಿದ್ಯಾ ಅಂತ ಮುಟ್ಟಿ ನೋಡ್ತಾನೆ. ಮೆಷಿನ್ನಿಗೆ ಬರೀ ಸಾದಾ ಆನ್ ಆಫ್ ಸ್ವಿಚ್ ಇದ್ದು, ಅದು ಆನ್‌ನಲ್ಲೇ ಇದ್ರೆ, ಪವರ್ ಬಂದ ಕ್ಷಣ ಬ್ಲೇಡ್ ತಾನಾಗೇ ಓಡುತ್ತೆ. ಆಗ ಹೋಗೋದು ಬ್ಲೇಡಲ್ಲ. ನೋ ವೋಲ್ಟ್ ಕಾಯಿಲ್ ಇರೋ ಸ್ಟಾರ್ಟರ್ ಹಾಕಿಸಿದ್ರೆ, ಪವರ್ ವಾಪಸ್ ಬಂದರೂ ಯಾರಾದರೂ ಹಸಿರು ಬಟನ್ ಒತ್ತೋ ತನಕ ಮೋಟಾರ್ ತಿರುಗಲ್ಲ. ನಿಮ್ಮ ಶಾಪ್‌ನಲ್ಲಿ ಯಾವುದಿದೆ ಅಂತ ನೋಡೋದು ಸುಲಭ: ಬ್ಲೇಡ್ ಖಾಲಿ ಓಡ್ತಿರುವಾಗ, ಹತ್ತಿರ ಯಾರೂ ಇಲ್ಲದ ಹಾಗೆ ನೋಡಿಕೊಂಡು, ಗೋಡೆಯ ಮೇನ್ ಆಫ್ ಮಾಡಿ. ಬ್ಲೇಡ್ ಪೂರ್ತಿ ನಿಂತ ಮೇಲೆ ಮತ್ತೆ ಆನ್ ಮಾಡಿ. ಮೆಷಿನ್ ತಾನಾಗೇ ಶುರುವಾಯ್ತು ಅಂದ್ರೆ ಬ್ಲೇಡ್ ಆರ್ಡರ್ ಆಮೇಲೆ ಮಾಡಿ, ಮೊದಲು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.